ಡೋವರಿನ ಮಾಸ್ತರುಗಳು ಓದಲೊಪ್ಪದ ಪ್ರಕಟಣೆ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಡೋವರ್ ಎಂಬ ಸಣ್ಣ ಊರಿದೆ. 2004ರ ಅಕ್ಟೋಬರಿನಲ್ಲಿ ಅಲ್ಲಿನ ಶಾಲಾ ಮಂಡಳಿ ಒಂದು ಠರಾವು ಮಾಡಿತು. ಅದರ ಪ್ರಕಾರ ಒಂಬತ್ತನೇ ತರಗತಿಯಲ್ಲಿ ಜೀವವಿಕಾಸದ ಪಾಠಕ್ಕೆ ಮೊದಲು ಮಕ್ಕಳಿಗೆ ಒಂದು ಪ್ರಕಟಣೆ ಓದಿ ಹೇಳಬೇಕಿತ್ತು: ಡಾರ್ವಿನ್ನನದು ಒಂದು ಥಿಯರಿ, ಅದರಲ್ಲಿ ಕೊರತೆಗಳಿವೆ, 'ಇಂಟೆಲಿಜೆಂಟ್ ಡಿಸೈನ್' ಎಂಬ ಬೇರೆ ವಿವರಣೆಯೂ ಇದೆ, ಬೇಕಾದವರು 'ಆಫ್ ಪಾಂಡಾಸ್ ಅಂಡ್ ಪೀಪಲ್' ಪುಸ್ತಕ ನೋಡಬಹುದು.

ಜೀವಿಗಳ ರಚನೆ ಇಷ್ಟು ಜಟಿಲವಾಗಿರುವಾಗ ಹಿಂದೆ ಒಬ್ಬ ಬುದ್ಧಿವಂತ ವಿನ್ಯಾಸಕಾರ ಇರಲೇಬೇಕು ಎನ್ನುವುದು ಈ ವಾದ. ಅವನು ಯಾರು ಎಂದು ಮಾತ್ರ ಬಾಯಿ ಬಿಡುವುದಿಲ್ಲ. (ಇಂಗ್ಲಿಷಿನ ಆಡುಮಾತಿನಲ್ಲಿ ಥಿಯರಿ ಎಂದರೆ ಬರೀ ಊಹೆ ಎಂಬ ಅರ್ಥವೂ ಇದೆ. ನಮ್ಮ 'ಸಿದ್ಧಾಂತ'ಕ್ಕೆ ಆ ಕಷ್ಟ ಇಲ್ಲ ನೋಡಿ!)

ಮಾಸ್ತರಿಕೆ ಮಾಡುವ ನಮಗೆ ಈ ಕತೆಯಲ್ಲಿ ಹೆಚ್ಚು ಹಿಡಿಸಿದ್ದು ಮುಂದಿನ ಸಂಗತಿ. ಆ ಶಾಲೆಯ ವಿಜ್ಞಾನ ಶಿಕ್ಷಕರು, ಇದು ವಿಜ್ಞಾನವಲ್ಲ, ವಿಜ್ಞಾನ ಎಂದು ಮಕ್ಕಳಿಗೆ ಓದಿ ಹೇಳಿದರೆ ನಮ್ಮ ವೃತ್ತಿಗೆ ದ್ರೋಹವಾಗುತ್ತದೆ ಎಂದು ಬರೆದುಕೊಟ್ಟು ನಿರಾಕರಿಸಿದರು. ಸಂಬಳ ಕೊಡುವವರ ಎದುರು ಹೀಗೆ ಬರೆದುಕೊಡುವುದು ಸುಲಭವಲ್ಲ. 2005ರ ಜನವರಿಯಲ್ಲಿ ಆಡಳಿತದವರೇ ತರಗತಿಗೆ ಬಂದು ಓದಬೇಕಾಯಿತು.

ಅಷ್ಟರಲ್ಲಿ 11 ಮಂದಿ ಪೋಷಕರು ಕೋರ್ಟಿಗೆ ಹೋಗಿದ್ದರು. 2005ರ ಸೆಪ್ಟೆಂಬರ್ 26ಕ್ಕೆ ವಿಚಾರಣೆ ಶುರುವಾಯಿತು. ಅಲ್ಲಿ ಗುಟ್ಟು ಬಿಟ್ಟುಕೊಟ್ಟದ್ದು ಅದೇ 'ಪಾಂಡಾಸ್' ಪುಸ್ತಕದ ಹಳೆಯ ಕರಡು ಪ್ರತಿಗಳು. ಶಾಲೆಯಲ್ಲಿ ವಿಕಾಸವಾದ ಕಲಿಸಿದರೆ ಸೃಷ್ಟಿವಾದವನ್ನೂ ಕಲಿಸಬೇಕು ಎಂಬ ಲೂಸಿಯಾನಾ ರಾಜ್ಯದ ಕಾನೂನನ್ನು 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ರದ್ದು ಮಾಡಿತ್ತು. ಅದಕ್ಕೆ ಮುಂಚಿನ ಕರಡುಗಳಲ್ಲಿ 'ಸೃಷ್ಟಿ' ಎಂದಿದ್ದ ಸುಮಾರು 150 ಕಡೆ, ತೀರ್ಪಿನ ನಂತರ 'ಡಿಸೈನ್' ಬಂದು ಕೂತಿತ್ತು. ವ್ಯಾಖ್ಯಾನ ಹಾಗೆಯೇ ಉಳಿದಿತ್ತು. ಒಂದು ಕಡೆಯಂತೂ 'ಕ್ರಿಯೇಶನಿಸ್ಟ್ಸ್' ಅಳಿಸಿ 'ಡಿಸೈನ್ ಪ್ರೊಪೊನೆಂಟ್ಸ್' ಸೇರಿಸುವಾಗ ಹಳೆಯ ಪದದ ತಲೆಯೂ ಬಾಲವೂ ಉಳಿದು 'ಸಿಡಿಸೈನ್ ಪ್ರೊಪೊನೆಂಟ್ಸಿಸ್ಟ್ಸ್' ಎಂಬ ವಿಚಿತ್ರ ಪ್ರಾಣಿ ಹುಟ್ಟಿತ್ತು! ದಾಖಲೆಗಳನ್ನು ಕೋರ್ಟಿನ ಮುಂದೆ ಬಿಡಿಸಿಟ್ಟವರು ತತ್ತ್ವಶಾಸ್ತ್ರದ ಪ್ರಾಧ್ಯಾಪಕಿ ಬಾರ್ಬರಾ ಫಾರೆಸ್ಟ್.

ಡಿಸೆಂಬರ್ 20ರಂದು ನ್ಯಾಯಾಧೀಶ ಜಾನ್ ಜೋನ್ಸ್ 139 ಪುಟಗಳ ತೀರ್ಪು ಕೊಟ್ಟರು: ಇದು ವಿಜ್ಞಾನವಲ್ಲ, ಸರಕಾರಿ ಶಾಲೆಯಲ್ಲಿ ಹೀಗೆ ಹೇಳಿಸುವುದು ಸಂವಿಧಾನಕ್ಕೆ ವಿರುದ್ಧ. ಅವರನ್ನು ನೇಮಿಸಿದ್ದು ಅಧ್ಯಕ್ಷ ಜಾರ್ಜ್ ಬುಷ್ ಎಂಬುದನ್ನೂ ಹೇಳಬೇಕು, ಯಾಕೆಂದರೆ ಎಡಪಂಥೀಯ ಜಡ್ಜ್ ಎಂದು ತಳ್ಳಿಹಾಕುವ ದಾರಿ ಇರಲಿಲ್ಲ. ತೀರ್ಪಿಗೆ ಮೊದಲೇ, ನವೆಂಬರಿನ ಚುನಾವಣೆಗೆ ನಿಂತಿದ್ದ ಮಂಡಳಿಯ 8 ಮಂದಿ ಹಳಬರನ್ನೂ ಊರಿನವರು ಸೋಲಿಸಿದ್ದರು. ಆದರೆ ಪೋಷಕರ ಪರ ವಕೀಲರ ಖರ್ಚು, 10 ಲಕ್ಷ ಡಾಲರಿಗಿಂತ ತುಸು ಹೆಚ್ಚು, ಹೊಸ ಮಂಡಳಿಯ ತಲೆಗೇ ಬಂತು.