‘ಎಲ್ಲದೀ?’ – ಹಾಜರಿ ಪುಸ್ತಕದಿಂದ ಲೈವ್ ಲೊಕೇಶನ್ ತನಕ

ನಮ್ಮ ಹಿಡಕಲ್ ಕಡೆ ಹೊರಟು ನಿಂತವರನ್ನು ‘ಎಲ್ಲಿಗೆ?’ ಅಂತ ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಡುತ್ತದೆ ಅಂತ ನಂಬಿಕೆ. ತೀರಾ ತಡೆಯಲಾಗದಿದ್ದರೆ ‘ದೂರ ಹೊಂಟೀರೇನ್ರಿ?’ ಅನ್ನಬೇಕು. ಉತ್ತರವೂ ಅಷ್ಟೇ, ‘ಹೂಂ... ಇಲ್ಲೇ ಸ್ವಲ್ಪ’. ನಿಮ್ಮ ಕಡೆಯೂ ಇಂಥದ್ದೇನೋ ಇದ್ದೇ ಇರುತ್ತದೆ. ಇದು ಬರೀ ಶಕುನದ ಮಾತು ಅಂದರೆ ನಾನು ಒಪ್ಪುವುದಿಲ್ಲ. ಹೇಳುವುದು ಬಿಡುವುದು ಹೊರಟವನಿಗೆ ಸೇರಿದ್ದು ಅನ್ನುವ ಮರ್ಯಾದೆಯೂ ಇದರಲ್ಲಿ ಇದೆ.

ಈಗ ನೋಡಿ, ಮೊಬೈಲ್ ಎತ್ತಿದ ಕೂಡಲೇ ಮೊದಲ ಪ್ರಶ್ನೆಯೇ ‘ಎಲ್ಲದೀ?’. ಮನೆಯ ಗೋಡೆಗೆ ತಂತಿ ಬಿಗಿದಿದ್ದ ಹಳೇ ಫೋನಿಗೆ ಈ ಪ್ರಶ್ನೆಯೇ ಇರಲಿಲ್ಲ. ಡ್ಯಾಮಿನ ಮೇಲೆ ಗಾಳಿ ತಿನ್ನುತ್ತ ನಿಂತು ‘ಗೋಕಾಕ ಬಸ್ಸಿನಾಗ ಅದೀನಿ’ ಅನ್ನುವ ಸೌಕರ್ಯ ಕೆಲವು ವರ್ಷ ಇತ್ತು :) ಲೈವ್ ಲೊಕೇಶನ್ ಬಂದು ಅದನ್ನೂ ಕಸಿದುಕೊಂಡಿತು. ಆದರೆ ಇದರಿಂದ ಬೇಜಾರಾದವರನ್ನು ನಾನು ನಮ್ಮೂರಲ್ಲಿ ಹೆಚ್ಚು ಕಂಡಿಲ್ಲ. ‘ನಾವೇನ ಕಳ್ಳರೇನು, ಮುಚ್ಚಿಡೂದೇನದ?’ ಅಂತಾರೆ. ಈ ಮಾತು ಕಿವಿಗೆ ಬಿದ್ದಾಗೆಲ್ಲ ನನಗೆ ನೆನಪಾಗುವುದು ಇದೇ ಮಾತಿನ ಮೇಲೆ ನಿಂತಿದ್ದ ಒಂದು ಕಾನೂನು.

1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಆಕ್ಟ್ ತಂದರು. ಮೊದಲು ಉತ್ತರ ಭಾರತಕ್ಕೆ. 1911ರ ಹೊಸ ಕಾಯಿದೆ ಅದನ್ನು ನಮ್ಮ ಬೆಳಗಾವಿ ಜಿಲ್ಲೆ ಸೇರಿದ್ದ ಮುಂಬೈ ಪ್ರಾಂತಕ್ಕೂ ಹರಡಿತು. ಕಳ್ಳತನ ಮಾಡಿದವನನ್ನು ಹಿಡಿಯುವ ಕಾನೂನಲ್ಲ ಇದು. ಇಡೀ ಜಾತಿಗೇ ಕಳ್ಳರೆಂದು ಹಣೆಪಟ್ಟಿ ಹಚ್ಚುವ ಕಾನೂನು. ನಮ್ಮ ಭಾಗದಲ್ಲಿ ಕೊರವರು, ಹರಣಶಿಕಾರಿಗಳು, ಗಂಟಿಚೋರರು, ಬಿಜಾಪುರ ಕಡೆಯ ಛಪ್ಪರಬಂದರು ಹೀಗೆ ಪಟ್ಟಿಗೆ ಬಿದ್ದರು. ಹುಟ್ಟಿದ ಮಗುವೂ ಹುಟ್ಟುತ್ತಲೇ ಆ ಜಾತಿಗೆ ಸೇರಿದ್ದು, ಏನು ಮಾಡುತ್ತೀರಿ?

ಈ ಕಾನೂನಿನ ಜೀವ ಇದ್ದದ್ದು ‘ಎಲ್ಲದೀ?’ ಅನ್ನುವ ಪ್ರಶ್ನೆಯಲ್ಲೇ. ಹೆಸರು ರಿಜಿಸ್ಟರಿಗೆ ಹತ್ತಿಸಬೇಕು, ಬೆರಳಚ್ಚು ಕೊಡಬೇಕು. ಗೊತ್ತುಮಾಡಿದ ಹೊತ್ತಿಗೆ ಹೋಗಿ ಹಾಜರಿ ಹಾಕಬೇಕು. ವಾಸ ಎಲ್ಲಿ, ಎಲ್ಲಿಗೆ ಬದಲಾಗುತ್ತದೆ, ಯಾವಾಗ ಊರಲ್ಲಿ ಇರುವುದಿಲ್ಲ ಎಲ್ಲವನ್ನೂ ಮೊದಲೇ ತಿಳಿಸಬೇಕು. ಪಾಸಿಲ್ಲದೆ ಹೊರಗೆ ಸಿಕ್ಕರೆ ಅದೇ ಅಪರಾಧ, ಬೇರೆ ಕಳ್ಳತನ ಬೇಕಿಲ್ಲ. ನೆಂಟರ ಮದುವೆ, ಸಂತೆ, ದನದ ಜಾತ್ರೆ ಯಾವುದಕ್ಕೂ ವಿನಾಯಿತಿ ಇಲ್ಲ. ತಿರುಗಾಟವನ್ನೇ ನಂಬಿ ಉಪ್ಪು, ಬುಟ್ಟಿ ಮಾರಿ ಬದುಕುತ್ತಿದ್ದ ಕೊರವರಿಗೆ ಇದು ಹೊಟ್ಟೆಯ ಮೇಲೆ ಕಟ್ಟಿದ ಬೇಲಿ.

ನಿಜವಾದ ಬೇಲಿಯೂ ಬಂತು. ಸ್ಟಾರ್ಟ್ ಎಂಬ ಐಸಿಎಸ್ ಅಧಿಕಾರಿ ಬಿಜಾಪುರದಲ್ಲಿ ಶುರುಮಾಡಿದ ‘ಸೆಟ್ಲಮೆಂಟ್’ ಪದ್ಧತಿ ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಿಗೂ ಹಬ್ಬಿತು. ಸುತ್ತ ತಂತಿ, ಒಳಗೆ ಹಾಜರಿ, ಶಾಲೆ. ಹಗಲು ಮಿಲ್ಲಿನ ದುಡಿಮೆ. ಮುಂದೆ 1928ರಲ್ಲಿ ಮುಂಬೈ ಸರ್ಕಾರ ದಲಿತರ, ಆದಿವಾಸಿಗಳ ಸ್ಥಿತಿಗತಿ ನೋಡಲು ಮಾಡಿದ ಸಮಿತಿಗೂ ಇದೇ ಸ್ಟಾರ್ಟ್ ಅಧ್ಯಕ್ಷ, ಅಂಬೇಡ್ಕರ್ ಅದರ ಸದಸ್ಯರು. ಹುಬ್ಬಳ್ಳಿಯಲ್ಲಿ ಆಟೋದವರಿಗೆ ‘ಸೆಟ್ಲಮೆಂಟ್’ ಅಂದರೆ ಸಾಕು, ಕರೆದೊಯ್ಯುತ್ತಾರೆ. ಹೆಸರು ಎಲ್ಲಿಂದ ಬಂತು ಅಂತ ಯಾರೂ ಕೇಳುವುದಿಲ್ಲ.

ಕಾನೂನು 1952ರಲ್ಲಿ ರದ್ದಾಯಿತು. ಆದರೆ ಅದರ ಜಾಗಕ್ಕೆ ರಾಜ್ಯಗಳು ‘ರೂಢಿಗತ ಅಪರಾಧಿ’ಗಳ ಕಾಯಿದೆ ತಂದವು, ಕರ್ನಾಟಕದ್ದು 1961ರದ್ದು. ಪೊಲೀಸರ ಹಿಸ್ಟರಿ ಶೀಟು ಹಾಗೇ ಉಳಿಯಿತು. ಉತ್ತರಪ್ರದೇಶದ ಖಡಕ್ ಸಿಂಗ್ ಎಂಬಾತ ಡಕಾಯಿತಿ ಕೇಸಿನಲ್ಲಿ ಸಾಕ್ಷ್ಯವಿಲ್ಲದೆ ಬಿಡುಗಡೆಯಾಗಿದ್ದರೂ ಪೊಲೀಸರು ರಾತ್ರಿ ಹೊತ್ತು ಬಾಗಿಲು ಬಡಿಯುತ್ತಿದ್ದರು. ಆತ ಸುಪ್ರೀಂ ಕೋರ್ಟಿಗೆ ಹೋದ. 1962ರ ತೀರ್ಪು ಅರ್ಧ ನ್ಯಾಯ ಕೊಟ್ಟಿತು: ರಾತ್ರಿ ಮನೆಗೆ ನುಗ್ಗುವುದು ತಪ್ಪು, ಆದರೆ ಓಡಾಟದ ಮೇಲೆ ಕಣ್ಣಿಡುವುದು ತಪ್ಪಲ್ಲ, ಖಾಸಗಿತನ ಸಂವಿಧಾನ ಕೊಟ್ಟ ಹಕ್ಕಲ್ಲ. ನ್ಯಾಯಮೂರ್ತಿ ಸುಬ್ಬರಾವ್ ಮಾತ್ರ ಇದನ್ನು ಒಪ್ಪದೆ ಬೇರೆ ತೀರ್ಪು ಬರೆದರು, ನ್ಯಾಯಮೂರ್ತಿ ಶಾ ಜೊತೆಗೂಡಿದರು. ಬೆನ್ನ ಹಿಂದೆ ಪೊಲೀಸನ ನೆರಳಿದ್ದರೆ ಅದು ಸ್ವತಂತ್ರ ಓಡಾಟ ಹೇಗಾದೀತು ಅನ್ನುವುದು ಅವರ ವಾದದ ತಿರುಳು. ಮೊಬೈಲ್ ಇಲ್ಲದ ಕಾಲದಲ್ಲಿ ಬರೆದದ್ದು, ನೆನಪಿರಲಿ.

ಅವರ ಮಾತು ಗೆಲ್ಲಲು 55 ವರ್ಷ ಬೇಕಾಯಿತು. ಗೆಲ್ಲಿಸಿದ ಅರ್ಜಿ ನಮ್ಮ ಕರ್ನಾಟಕದ್ದು ಅನ್ನುವುದು ನನಗೆ ಹೆಮ್ಮೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, 86ರ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಅರ್ಜಿ ಹಾಕಿದರು. ಅದೇ ಕೇಸಿನಲ್ಲಿ ಎದ್ದ ಪ್ರಶ್ನೆಗೆ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಉತ್ತರಿಸಿದರು: ಖಾಸಗಿತನ ಮೂಲಭೂತ ಹಕ್ಕು. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು.

ತೀರ್ಪು ಬಂದು ಮೂರು ವರ್ಷವೂ ತುಂಬಿರಲಿಲ್ಲ, ಕೊರೊನಾ ಬಂತು. 2020ರ ಮಾರ್ಚಿನಲ್ಲಿ ನಮ್ಮ ರಾಜ್ಯ ಸರ್ಕಾರ ಕ್ವಾರಂಟೈನಿನಲ್ಲಿದ್ದವರ ಕೈಗೆ ಸೀಲು ಒತ್ತಿತು, ಮನೆ ವಿಳಾಸಗಳ ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕಿತು. ತಿಂಗಳ ಕೊನೆಗೆ ಇನ್ನೊಂದು ಆದೇಶ: ರಾತ್ರಿ 10ರಿಂದ ಬೆಳಿಗ್ಗೆ 7 ಬಿಟ್ಟು ಗಂಟೆಗೊಮ್ಮೆ ‘ಕ್ವಾರಂಟೈನ್ ವಾಚ್’ ಆ್ಯಪಿನಲ್ಲಿ ಸೆಲ್ಫಿ ಕಳಿಸಬೇಕು. ಫೋಟೋದ ಜೊತೆ ಜಿಪಿಎಸ್ ಗುರುತೂ ಹೋಗುತ್ತದೆ. ತಪ್ಪಿದರೆ ಸಾಮೂಹಿಕ ಕ್ವಾರಂಟೈನಿಗೆ. ರೋಗ ಹರಡುವ ಭಯ ಸುಳ್ಳಲ್ಲ, ಆ ಉದ್ದೇಶವನ್ನು ನಾನು ಹೀಗಳೆಯುವುದಿಲ್ಲ. ಆದರೆ ಗಂಟೆಗೊಮ್ಮೆ ಹಾಜರಿ, ವಿಳಾಸದ ಪಟ್ಟಿ, ಮೈಮೇಲೆ ಗುರುತು... ಇದನ್ನೆಲ್ಲ ಹೊಸದಾಗಿ ಕಂಡುಹಿಡಿಯುವ ಕಷ್ಟ ಯಾರಿಗೂ ಬರಲಿಲ್ಲ ನೋಡಿ!

ಜಿಪಿಎಸ್ ಆಫ್ ಮಾಡಿದರೆ ಮುಗಿಯಿತಲ್ಲ ಅನ್ನುವವರಿಗೆ ಒಂದು ಮಾತು. ಕರೆ ಬಂದಾಗ ತಲುಪಿಸಬೇಕಾದರೆ ಫೋನು ಯಾವ ಟವರಿನ ಸುತ್ತಮುತ್ತ ಇದೆ ಅಂತ ಕಂಪನಿಗೆ ಗೊತ್ತಿರಲೇಬೇಕು. ಹಿಂದೆ ಮನುಷ್ಯ ಹಾಜರಿಗೆ ನಡೆದು ಹೋಗಬೇಕಿತ್ತು, ಈಗ ಕಿಸೆಯಲ್ಲಿದ್ದದ್ದೇ ಹೋಗಿ ಹಾಕಿ ಬರುತ್ತದೆ.

2024ರ ಜುಲೈ 8ರಂದು ಸುಪ್ರೀಂ ಕೋರ್ಟು ಇನ್ನೊಂದು ತೀರ್ಪು ಕೊಟ್ಟಿತು. ನೈಜೀರಿಯಾದ ಒಬ್ಬ ಆರೋಪಿಗೆ ದೆಹಲಿ ಹೈಕೋರ್ಟು ಜಾಮೀನು ಕೊಡುವಾಗ, ಗೂಗಲ್ ಮ್ಯಾಪಿನಲ್ಲಿ ಪಿನ್ ಹಾಕಿ ತಾನಿರುವ ಜಾಗ ತನಿಖಾಧಿಕಾರಿಗೆ ಕಾಣುವಂತಿಡಬೇಕು ಅಂತ ಷರತ್ತು ಹಾಕಿತ್ತು. ಆರೋಪಿಯ ಓಡಾಟವನ್ನು ಪೊಲೀಸರು ಸದಾ ನೋಡುತ್ತಿರುವಂಥ ಷರತ್ತು ಜಾಮೀನಿಗೆ ಹಾಕುವಂತಿಲ್ಲ ಅಂದರು ನ್ಯಾಯಮೂರ್ತಿಗಳಾದ ಓಕಾ ಮತ್ತು ಭುಯಾನ್. ಆ ಷರತ್ತನ್ನು ತೆಗೆದುಹಾಕಿದರು. ಮಾದಕ ವಸ್ತುವಿನ ಕೇಸಿನ ಆರೋಪಿಗೂ ಇಲ್ಲದ ಆ ಕಟ್ಟಳೆಯನ್ನು ನಮ್ಮೂರ ಮನೆಗಳಲ್ಲಿ ಈಗ ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳಿಗೆ ಹಾಕುತ್ತಿದ್ದಾರೆ. ಗಂಡುಮಕ್ಕಳಿಗೆ ಹಾಕಿದ್ದನ್ನು ನಾನಿನ್ನೂ ನೋಡಿಲ್ಲ.