ಮುಖ್ಯಮಂತ್ರಿಗಳು ಹೆದರಿದ ಊರಿಗೆ ಬಂದ ಡಾಕ್ಟರ್

ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿಯ ಕುರ್ಚಿ ಹೋಗುತ್ತಂತೆ! ಈ ಮೂಢನಂಬಿಕೆ ಬಗ್ಗೆ ನಾವು ಟಿವಿಯವರು ಎಷ್ಟು ಗಂಟೆ ಚರ್ಚೆ ಮಾಡಿದ್ದೀವೋ ಲೆಕ್ಕವಿಲ್ಲ. ವರ್ಷಗಟ್ಟಲೆ ಮುಖ್ಯಮಂತ್ರಿಗಳು ಆ ಕಡೆ ತಲೆ ಹಾಕಲಿಲ್ಲ. ಅದೇ ನೆಲಕ್ಕೆ 1980ರ ಹೊತ್ತಿಗೆ ಒಬ್ಬ ಯುವ ವೈದ್ಯರು ಬಂದರು, ಬಿಳಿಗಿರಿರಂಗನ ಬೆಟ್ಟ ಹತ್ತಿದರು, ಅಲ್ಲೇ ನೆಲೆ ನಿಂತರು. ಆ ಕಥೆಗೆ ನಾವು ಕೊಟ್ಟ ಸಮಯ ಎಷ್ಟು?

ಅವರು ಡಾ. ಎಚ್. ಸುದರ್ಶನ್. ಬೆಂಗಳೂರಿನ ಯಮಲೂರಿನವರು. 12 ವರ್ಷದ ಹುಡುಗನಾಗಿದ್ದಾಗ, ಚಿಕಿತ್ಸೆ ಸಿಗದೆ ತಂದೆ ಕಣ್ಣೆದುರೇ ತೀರಿಕೊಂಡರು. 1973ರಲ್ಲಿ ಬೆಂಗಳೂರು ವೈದ್ಯಕೀಯ ಕಾಲೇಜಿನಿಂದ ವೈದ್ಯರಾಗಿ ಹೊರಬಂದರು, ರಾಮಕೃಷ್ಣ ಮಿಷನ್ ಆಸ್ಪತ್ರೆಗಳಲ್ಲಿ ದುಡಿದರು. 1981ರಲ್ಲಿ ಸೋಲಿಗರಿಗಾಗಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು.

ಅವರು ಮಕ್ಕಳ ತಜ್ಞರೇನಲ್ಲ. ಆದರೆ ಪೋಡುಗಳ ಮಕ್ಕಳಿಗೆ ಬೇರೆ ಯಾವ ಡಾಕ್ಟರ್ ಇದ್ದರು ಹೇಳಿ? ಆ ಮಕ್ಕಳನ್ನು ಕಾಡಿದ ಒಂದು ಕಾಯಿಲೆ ಸಿಕಲ್ ಸೆಲ್ ರಕ್ತಹೀನತೆ. ದುಂಡಗಿರಬೇಕಾದ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತೆ. ಕೂಸಿನ ಕೈಕಾಲು ಊದಿಕೊಳ್ಳುತ್ತೆ, ನೋವು ತಡೆಯೋಕಾಗಲ್ಲ. ನಾನು ಇಂಜಿನಿಯರಿಂಗ್ ಓದಿದವನು, ಲೆಕ್ಕದಲ್ಲೇ ಹೇಳ್ತೀನಿ: ಅಪ್ಪ ಅಮ್ಮ ಇಬ್ಬರಲ್ಲೂ ಈ ದೋಷದ ಒಂದೊಂದು ಪ್ರತಿ ಇದ್ದರೆ, ಹುಟ್ಟುವ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹೆತ್ತವರು ಮಾತ್ರ ಗಟ್ಟಿಮುಟ್ಟಾಗೇ ಇರ್ತಾರೆ. ರಕ್ತ ಪರೀಕ್ಷೆ ಮಾಡದೆ ಇದು ತಿಳಿಯೋದೇ ಇಲ್ಲ. ಸೋಲಿಗರಲ್ಲಿ ಈ ಕಾಯಿಲೆ ಗುರುತಿಸಿ, ಚಿಕಿತ್ಸೆಗೆ ನಿಂತವರು ಸುದರ್ಶನ್ ಮತ್ತು ಅವರ ತಂಡ.

ಔಷಧಿ ಜೊತೆಗೆ ಶಾಲೆಯೂ ಬಂತು. 1986ರಲ್ಲಿ ಕರುಣಾ ಟ್ರಸ್ಟ್ ಶುರುವಾಗಿ, ಯಳಂದೂರಿನಲ್ಲಿ ಕುಷ್ಠರೋಗದ ವಿರುದ್ಧ ಹೋರಾಡಿತು. 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಆರೋಗ್ಯ ಕೇಂದ್ರವನ್ನೇ ವಹಿಸಿಕೊಂಡಿತು. 1994ರಲ್ಲಿ ಪರ್ಯಾಯ ನೊಬೆಲ್ ಎನ್ನುವ ರೈಟ್ ಲೈವ್ಲಿಹುಡ್ ಪ್ರಶಸ್ತಿ, 2000ದಲ್ಲಿ ಪದ್ಮಶ್ರೀ ಅವರನ್ನು ಹುಡುಕಿಕೊಂಡು ಬಂದವು.

2023ರಲ್ಲಿ ಕೇಂದ್ರ ಸರ್ಕಾರ ಸಿಕಲ್ ಸೆಲ್ ನಿರ್ಮೂಲನೆಗೆ ರಾಷ್ಟ್ರೀಯ ಅಭಿಯಾನ ಆರಂಭಿಸಿತು. 2047ರ ಗುರಿ. ಒಳ್ಳೇದೇ. ಆದರೆ ಗುಂಡ್ಲುಪೇಟೆ ತಾಲ್ಲೂಕಿನ ಬಂಡೀಪುರದಂಚಿನ ಹಾಡಿಯಲ್ಲಿ ಇವತ್ತು ಹುಟ್ಟಿದ ಕೂಸು 2047ರವರೆಗೆ ಕಾಯೋಕಾಗುತ್ತಾ? ಅದಕ್ಕೆ ಈಗಲೇ ಒಂದು ಹನಿ ರಕ್ತದ ಪರೀಕ್ಷೆ ಬೇಕು, ಬೆಟ್ಟ ಹತ್ತಿ ಬರುವ ಡಾಕ್ಟರ್ ಬೇಕು. ಮುಂದಿನ ಸಲ ಚಾಮರಾಜನಗರ ಅಂದಾಗ ಕುರ್ಚಿಯ ಮಾತು ಬಿಟ್ಟು, ಇದನ್ನ ಕೇಳೋಣ.