ಪೆಟ್ರೋಲ್ ಪಡಿತರದ ಹಿಂದಿನ ರಬ್ಬರ್: 1942ರ ಅಮೆರಿಕದ ನಿರ್ಧಾರದ ಮರುಪರಿಶೀಲನೆ

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಕಾರು ಮಾಲೀಕರ ಮೇಲೆ ಬಿದ್ದ ಪೆಟ್ರೋಲ್ ಪಡಿತರಕ್ಕೆ ಇಂಧನದ ಅಭಾವವೇ ಕಾರಣವೆಂಬ ಮಾತು ಜನಪ್ರಿಯ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಪಡಿತರದ ಸ್ವರೂಪದ ಬಗ್ಗೆ ಭಿನ್ನಾಭಿಪ್ರಾಯವಿಲ್ಲ. ಗಾಜಿಗೆ ಅಂಟಿಸಿದ ‘ಎ’ ಚೀಟಿ ಸಾಮಾನ್ಯ ಮಾಲೀಕನದು. ಯುದ್ಧಸಾಮಗ್ರಿ ಕಾರ್ಖಾನೆಯ ಕೆಲಸಗಾರರಿಗೆ ‘ಬಿ’, ವೈದ್ಯರಂಥವರಿಗೆ ‘ಸಿ’, ಲಾರಿಗಳಿಗೆ ‘ಟಿ’. ದೇಶವ್ಯಾಪಿ ಪಡಿತರದ ಆರಂಭದಲ್ಲಿ ‘ಎ’ ವರ್ಗಕ್ಕೆ ಹೆಚ್ಚೆಂದರೆ ವಾರಕ್ಕೆ 4 ಗ್ಯಾಲನ್, ಅಂದರೆ ಸುಮಾರು 15 ಲೀಟರ್ ಸಿಗುತ್ತಿತ್ತು. ಪರಿಶೀಲಿಸಬೇಕಾದದ್ದು ಕಾರಣವನ್ನು.

ಪೂರ್ವ ಕರಾವಳಿಯ ಮಟ್ಟಿಗೆ ಅಭಾವದ ವಾದ ನಿಲ್ಲುತ್ತದೆ. ಜರ್ಮನ್ ಜಲಾಂತರ್ಗಾಮಿಗಳು ತೈಲಹಡಗುಗಳನ್ನು ಮುಳುಗಿಸುತ್ತಿದ್ದಾಗ, 1942ರ ಮೇ ತಿಂಗಳಲ್ಲಿ ಅಲ್ಲಿನ 17 ರಾಜ್ಯಗಳಲ್ಲಿ ಪಡಿತರ ಬಂತು. ಆದರೆ ಅದೇ ವರ್ಷ ಡಿಸೆಂಬರ್ 1ರಂದು ಅದು ದೇಶಕ್ಕೆಲ್ಲ ವಿಸ್ತರಿಸಿತು. ಟೆಕ್ಸಾಸ್, ಒಕ್ಲಹೋಮಗಳಲ್ಲಿ ತೈಲಬಾವಿಗಳ ಪಕ್ಕದಲ್ಲೇ ಬದುಕುತ್ತಿದ್ದವನೂ ಚೀಟಿ ಹಿಡಿಯಬೇಕಾಯಿತು. ಪಶ್ಚಿಮದ ಸಂಸದರು ಇದನ್ನು ಬಲವಾಗಿ ವಿರೋಧಿಸಿದರು. ಅವರ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು.

ಉತ್ತರ ರಬ್ಬರಿನಲ್ಲಿದೆ. ಮಲಯ ಮತ್ತು ಡಚ್ ಈಸ್ಟ್ ಇಂಡೀಸ್ ಜಪಾನಿನ ವಶವಾಗಿ, ಅಮೆರಿಕಕ್ಕೆ ಬರುತ್ತಿದ್ದ ನೈಸರ್ಗಿಕ ರಬ್ಬರಿನ ಸುಮಾರು ಶೇ. 90ರಷ್ಟು ನಿಂತುಹೋಗಿತ್ತು. ಟೈರಿನ ಪಡಿತರ 1942ರ ಜನವರಿಯಲ್ಲೇ, ಪೆಟ್ರೋಲಿಗಿಂತ ಮೊದಲೇ ಆರಂಭವಾಗಿತ್ತು. ಸೆಪ್ಟೆಂಬರಿನಲ್ಲಿ ಬರ್ನಾರ್ಡ್ ಬರೂಕ್ ನೇತೃತ್ವದ ಸಮಿತಿ ದೇಶವ್ಯಾಪಿ ಪೆಟ್ರೋಲ್ ಪಡಿತರವನ್ನು ಶಿಫಾರಸು ಮಾಡಿದ್ದು ಟೈರುಗಳನ್ನು ಉಳಿಸುವುದಕ್ಕಾಗಿ. ಗಂಟೆಗೆ 35 ಮೈಲಿಯ ವೇಗಮಿತಿ, ಕಾರೊಂದಕ್ಕೆ ವರ್ಷಕ್ಕೆ ಸರಾಸರಿ 5,000 ಮೈಲಿಯ ಓಡಾಟ ಅದರ ಸಲಹೆಗಳಾಗಿದ್ದವು. ಐದಕ್ಕಿಂತ ಹೆಚ್ಚು ಟೈರು ಇಟ್ಟುಕೊಳ್ಳಬಾರದೆಂಬ ನಿಯಮವೂ ಬಂತು. ಇಂಧನವೊಂದೇ ಗುರಿಯಾಗಿದ್ದರೆ ಅದಕ್ಕೆ ಅರ್ಥವಿರಲಿಲ್ಲ. ಟೈರಿನ ಸವೆತವನ್ನು ದಿನದಿನವೂ ಅಳೆಯಲಾಗದು, ಬಂಕಿನಲ್ಲಿ ಮಾರುವ ಪೆಟ್ರೋಲನ್ನು ಅಳೆಯಬಹುದು.

ಹೀಗಾಗಿ ದೇಶವ್ಯಾಪಿ ಪಡಿತರ ಮೂಲತಃ ರಬ್ಬರ್ ಪಡಿತರವಾಗಿತ್ತೆನ್ನಬಹುದು. ಆದರೆ ಈ ಮಾತು 1942ರ ಡಿಸೆಂಬರ್ ನಿರ್ಧಾರಕ್ಕೆ ಮಾತ್ರ, ಅದೂ ಪೂರ್ವ ಕರಾವಳಿಯನ್ನು ಬಿಟ್ಟು, ಅನ್ವಯಿಸುತ್ತದೆ. 1943ರ ಜನವರಿಯಲ್ಲಿ ವಿಹಾರಕ್ಕಾಗಿ ಕಾರು ಓಡಿಸುವುದನ್ನು ನಿಷೇಧಿಸಿದ್ದು ಪೂರ್ವದಲ್ಲಷ್ಟೇ. ಅಲ್ಲಿ ಇಂಧನದ ಕೊರತೆ ಮುಂದುವರಿದಿತ್ತೆಂಬುದಕ್ಕೆ ಇದು ಸಾಕ್ಷಿ. ಯುದ್ಧದ ಕೊನೆಯ ವರ್ಷಗಳಿಗೂ ರಬ್ಬರ್ ವಾದವನ್ನು ಹಿಗ್ಗಿಸಲು ಒಂದು ಗಟ್ಟಿ ಅಡ್ಡಿಯಿದೆ: ಪೆಟ್ರೋಲ್ ಪಡಿತರ 1945ರ ಆಗಸ್ಟ್ 15ರಂದು ರದ್ದಾಯಿತು, ಟೈರಿನದು ಡಿಸೆಂಬರ್ ಕೊನೆಯವರೆಗೆ ಉಳಿಯಿತು. ರಬ್ಬರಿನ ಹಿಡಿತದಿಂದ ಪೆಟ್ರೋಲ್ ಚೀಟಿ ಯಾವಾಗ ಬಿಡಿಸಿಕೊಂಡಿತೆಂಬ ಪ್ರಶ್ನೆಯನ್ನು ಸ್ಥಳೀಯ ಪಡಿತರ ಮಂಡಳಿಗಳ ಕಡತಗಳ ನೆರವಿನಿಂದ, ಪ್ರಾಂತವಾರು ಬಿಡಿಸಬೇಕಾಗಿದೆ.